ಕೊಟ್ಟಿಗೆ ಬಾಗಿಲು

ಯಡಿಯೂರಿನ ನಮ್ಮ ಹಳೇ ಮನೆಗೆ ಎರಡು ಬಾಗಿಲು. ಒಂದು ಮುಂಬಾಗಿಲು. ಎದೆಯೆತ್ತರದ ಜಗಲಿ, ಅದಕ್ಕೆ ಕಡಿದಾದ ಕಲ್ಲಿನ ಮೆಟ್ಟಿಲು, ಹತ್ತಿ ಏದುಸಿರು ಬಿಟ್ಟ ಮೇಲೆ ಮೊಣಕಾಲೆತ್ತರದ ಹೊಸ್ತಿಲು. ಇನ್ನೊಂದು ಪಕ್ಕದ ಓಣಿಯಲ್ಲಿರುವ ಕೊಟ್ಟಿಗೆ ಬಾಗಿಲು. ಅದು ಜೋಡೆತ್ತಿನ ಗಾಡಿ ನುಗ್ಗುವಷ್ಟು ಅಗಲ, ನೆಲಕ್ಕೆ ಸಮ. ಮದುವೆಯಾಗಿ ಬಂದ ದಿನ ನಾನು ಮುಂಬಾಗಿಲಿನಲ್ಲಿ ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಬಂದೆ. ಆಮೇಲೆ ಆ ಬಾಗಿಲಿಗೂ ನನಗೂ ಇದ್ದ ನಂಟು ಅಂದರೆ ಬೆಳಿಗ್ಗೆ ಎದ್ದು ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುವುದು, ಅಷ್ಟೇ.

ಮನೆಯ ವ್ಯವಹಾರವೆಲ್ಲ ಕೊಟ್ಟಿಗೆ ಬಾಗಿಲಿನಲ್ಲಿ. ಯಾಕೆಂದರೆ ನನ್ನ ಮಾವ ತಿಮ್ಮರಾಯಪ್ಪ ಮೂಳೆ ಕಟ್ಟುವ ವೈದ್ಯರು. ತಲಘಟ್ಟಪುರ, ವಸಂತಪುರ, ಇಟ್ಟಮಡುವಿನಿಂದ ಕಾಲು ಮುರಿದವರು, ಸೊಂಟ ಬಿದ್ದವರು ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿ ನರಳುತ್ತಾ ಬರುತ್ತಿದ್ದರು. ಗಾಡಿ ನೇರ ಕೊಟ್ಟಿಗೆಯೊಳಕ್ಕೆ ಬರುತ್ತಿತ್ತು. ಅಲ್ಲಿಂದ ಹಜಾರಕ್ಕೆ ಮಾವ ಚಪ್ಪಡಿ ಹಾಸಿ ಇಳಿಜಾರು ಮಾಡಿಸಿದ್ದರು. "ಮುರಿದ ಕಾಲಿಗೆ ಮೆಟ್ಲು ತೋರ್ಸೋನು ಅದೆಂಥಾ ವೈದ್ಯ?" ಅನ್ನುತ್ತಿದ್ದರು. ಹಜಾರದ ನಡುವೆ ಒಂದು ಉದ್ದನೆಯ ಕಲ್ಲು. ಅದರ ಮೇಲೆ ಮಲಗಿಸಿ, ಮೂಳೆ ಕೂಡಿಸಿ, ಮೊಟ್ಟೆಯ ಲೋಳೆಯಲ್ಲಿ ಕಲೆಸಿದ ಉದ್ದಿನ ಹಿಟ್ಟು ಮೆತ್ತಿ, ಬಿದಿರಿನ ದಬ್ಬೆ ಕಟ್ಟಿ ಕಳಿಸುತ್ತಿದ್ದರು. ಸಾಹುಕಾರನಿಗೂ ಅದೇ ಕಲ್ಲು, ಕೂಲಿಯವನಿಗೂ ಅದೇ ಕಲ್ಲು.

ಮಾವ ತೀರಿಕೊಂಡರು. ನಮ್ಮ ಹೊಲಗಳು ಜಯನಗರಕ್ಕೆ ಸೇರಿಹೋದವು. ನಾವು ಪಕ್ಕದಲ್ಲೇ ಹೊಸ ಮನೆ ಕಟ್ಟಿಕೊಂಡೆವು. ಆಗ ಜಯನಗರದ ದೊಡ್ಡವರು ಒಂದಷ್ಟು ಜನ ಬಂದು, ಹಳೇ ಮನೆಯನ್ನು ತಿಮ್ಮರಾಯಪ್ಪನವರ ನೆನಪಿಗೆ ಮ್ಯೂಸಿಯಂ ಮಾಡೋಣ ಅಂದರು. ಅವರಲ್ಲಿ ಬಹಳ ಮಂದಿಯ ಕೈಕಾಲು ಕೂಡಿಸಿದ್ದು ಮಾವನೇ. ಸಮಿತಿಯ ಅಧ್ಯಕ್ಷರು ಬದರಿನಾಥ, ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ರಿಟೈರಾದವರು. ಒಳ್ಳೆಯ ಮನುಷ್ಯ, ಆದರೆ ಏನು ಮಾಡಿದರೂ ಭರ್ಜರಿಯಾಗಬೇಕು. ಗೋಡೆಗೆ ಸುಣ್ಣ ಹೊಡೆಸಿದರು, ಮಾವನ ದಬ್ಬೆ, ಎಣ್ಣೆ ಕುಡಿಕೆ, ಅರೆಯುವ ಕಲ್ಲನ್ನೆಲ್ಲ ಒಪ್ಪವಾಗಿ ಜೋಡಿಸಿದರು. ಅಲ್ಲಿಯವರೆಗೆ ನನಗೂ ಸಂತೋಷವೇ. ಆಮೇಲೆ ಮುಂಬಾಗಿಲಿಗೆ ಸಿಮೆಂಟಿನ ಕಮಾನು ಕಟ್ಟಿಸಿ, ಕೊಟ್ಟಿಗೆ ಬಾಗಿಲಿಗೆ ಮೊಳೆ ಹೊಡೆಸಿ, ಒಳಗೆ ಬಾಡಿಗೆ ಕುರ್ಚಿ ತುಂಬಿಸಿದರು. ಮೂಗಿಗಿಂತ ಮೂಗುತಿ ಭಾರವಾಯಿತು ಅಂತ ನಾನು ಬಾಯಿಬಿಟ್ಟೇ ಅಂದೆ. ಅವರು ನಕ್ಕುಬಿಟ್ಟರು.

ಅರವತ್ತಮೂರನೇ ಇಸವಿ. ಉದ್ಘಾಟನೆಗೆ ಮಂತ್ರಿಯೊಬ್ಬರು ಬರುವುದೆಂದು ಪೇಪರಿನಲ್ಲಿ ಸುದ್ದಿ ಬಂತು. ಅದನ್ನು ಓದಿಕೊಂಡು ಒಂದು ಮಧ್ಯಾಹ್ನ ಜಯನಗರದ ಸ್ಕೂಲೊಂದರ ಟೀಚರ್ ಜಯದೇವಿ ಬಂದಳು. ಸೈಕಲ್ ಚಕ್ರ ಹಾಕಿ ಮಾಡಿಸಿದ ಕುರ್ಚಿ, ಅದನ್ನು ತಾನೇ ಕೈಯಿಂದ ತಳ್ಳಿಕೊಂಡು ಬಂದಿದ್ದಳು. ಚಿಕ್ಕಂದಿನಲ್ಲಿ ಜ್ವರ ಬಂದು ಎರಡೂ ಕಾಲು ಸೊರಗಿಹೋಗಿದ್ದವಂತೆ. ಮೆಟ್ಟಿಲ ಕೆಳಗೆ ಕುರ್ಚಿ ನಿಲ್ಲಿಸಿ, ಕಮಾನಿನವರೆಗೂ ಒಮ್ಮೆ ನೋಡಿ, ಜಗಲಿಯ ಮೇಲೆ ನಿಂತಿದ್ದ ಬದರಿನಾಥರನ್ನು ಕೇಳಿದಳು.

"ಸಾರ್, ನಾನು ಒಳಗೆ ಬರ್ಬೇಕು. ಹೇಗೆ ಬರ್ಲಿ?"

"ಅದಕ್ಕೇನಂತೆ ಮೇಡಂ?" ಅಂದರು ಬದರಿನಾಥ. "ಉದ್ಘಾಟನೆ ದಿನ ಬನ್ನಿ. ವಾಲಂಟಿಯರ್ಸ್ ಇರ್ತಾರೆ. ಕುರ್ಚಿ ಸಮೇತ ಎತ್ಕೊಂಡು ಹೋಗಿ ಮಿನಿಸ್ಟರ್ ಪಕ್ಕದಲ್ಲೇ ಕೂರಿಸ್ತಾರೆ." ಅವರು ನಿಜವಾದ ಅಕ್ಕರೆಯಿಂದಲೇ ಹೇಳಿದರು.

"ಬೇಡಿ ಸಾರ್. ಒಂಬತ್ತು ವರ್ಷ ಆಗೋವರ್ಗೂ ನಮ್ಮಪ್ಪ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಕಂಡಕಂಡ ವೈದ್ಯರ ಮನೆಗೆಲ್ಲಾ ಅಲೆದ್ರು. ಎಲ್ಲಾರೂ ವಾಸಿ ಮಾಡ್ತೀವಿ ಅಂದ್ರು, ಒಬ್ಬರೂ ಮಾಡ್ಲಿಲ್ಲ. ಇಲ್ಲಿಗೂ ಬಂದ್ವಿ. ಯಾವ ಬಾಗಿಲು, ಯಾವ ಗೋಡೆ, ಒಂದೂ ನೆನಪಿಲ್ಲ. ಆ ಕಲ್ಲು ನೆನಪಿದೆ. ಅದರ ಮೇಲೆ ಕೂರಿಸಿ ತಾತ ನನ್ನ ಕಾಲು ಮುಟ್ಟಿ ನೋಡಿ, 'ಇದು ನನ್ನ ಕೈಲಾಗಲ್ಲ, ಸುಳ್ಳು ಕಟ್ಟು ಕಟ್ಟಲ್ಲ. ಮಗೂನ ಹೊತ್ಕೊಂಡು ತಿರುಗ್ಬೇಡಿ, ಚಕ್ರ ಮಾಡಿಸ್ಕೊಡಿ, ಅವಳೇ ಓಡಾಡ್ಲಿ' ಅಂದ್ರು. ಅಂಥವರ ಮನೆಗೆ ಈಗ ಹೊರಿಸ್ಕೊಂಡು ಬರ್ಲಾ? ಒಂದು ಸಲ ನಾನೇ ಆ ಕಲ್ಲಿನ ಹತ್ರ ಹೋಗ್ಬೇಕು ಸಾರ್. ಅಷ್ಟೇ ನನ್ನ ಆಸೆ."

ಬದರಿನಾಥ ಕನ್ನಡಕ ಒರೆಸಿಕೊಳ್ಳುತ್ತಾ ನಿಂತರು. ನಾನು ಜಗಲಿಯ ಕಂಬದ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಆ ಮಗುವನ್ನು ಕಂಡ ನೆನಪು ನನಗಿಲ್ಲ, ದಿನಾ ಬರುವವರು ಒಬ್ಬರೇ ಇಬ್ಬರೇ? ಆದರೆ ಮಾತು ಮಾತ್ರ ಮಾವನದೇ. ಇವಳನ್ನು ಆ ಕಲ್ಲಿನ ಹತ್ತಿರ ಕರೆತರದಿದ್ದರೆ ನಾನು ಆ ಮನೆಯ ಸೊಸೆಯೇ ಅಲ್ಲ ಅಂತ ಅಲ್ಲೇ ಮನಸ್ಸಿನಲ್ಲಿ ಅಂದುಕೊಂಡೆ.

ಮಾರನೇ ದಿನವೇ ಕೊಟ್ಟಿಗೆ ಬಾಗಿಲಿನ ಮೊಳೆ ಕೀಳಿಸಿದೆ. ಕುರ್ಚಿಗಳನ್ನು ಆಚೆ ಹಾಕಿಸಿ, ಸೆಗಣಿ ನೀರು ಹಾಕಿ, ಇಳಿಜಾರಿನ ಚಪ್ಪಡಿಗಳನ್ನು ಉಜ್ಜಿ ತೊಳೆದು, ಸೀದಾ ಜಯದೇವಿಯ ಮನೆಗೆ ಹೋದೆ. "ಟೀಚರಮ್ಮ, ದಾರಿ ಆಯ್ತು ಬನ್ನಿ! ಮೆಟ್ಲಿಲ್ಲ, ಹೊಸ್ತಿಲಿಲ್ಲ, ಯಾರೂ ಎತ್ತಂಗಿಲ್ಲ" ಅಂತ ಎಲ್ಲ ವಿವರಿಸಿದೆ. ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಒಂದೇ ಒಂದು ಮಾತು ಕೇಳಿದಳು.

"ಮಿನಿಸ್ಟರು ಯಾವ ಬಾಗಿಲಲ್ಲಿ ಬರ್ತಾರಕ್ಕ?"

"ಮುಂಬಾಗ್ಲಾಗೆ. ಕಮಾನು ಕಟ್ಟಿಲ್ವಾ?"

"ಮಿಕ್ಕವರು?"

"ಅವ್ರೂ ಅದ್ರಾಗೇ."

"ಹಾಗಾದ್ರೆ ನಾನು ಬರಲ್ಲ ಅಕ್ಕ. ತಪ್ಪು ತಿಳ್ಕೋಬೇಡಿ. ಸ್ಕೂಲಲ್ಲಿ ಎಲ್ಲಾರಿಗೂ ದೊಡ್ಡ ಗೇಟು, ನನಗೆ ಹಿತ್ತಲ ಸಂದಿ. ಸಿನಿಮಾಗೆ ಹೋದ್ರೆ ಕಸ ಸಾಗಿಸೋ ಬಾಗಿಲು. ಬೇರೆ ಕಡೆ ಆದ್ರೆ ಹಲ್ಲು ಕಚ್ಕೊಂಡು ಹೋಗ್ತೀನಿ. ತಾತನ ಮನೇಲೂ ಜನ ಒಂದು ಕಡೆ, ನಾನೊಬ್ಬಳು ದನದ ಬಾಗಿಲು ಅಂದ್ರೆ ನನಗೆ ತಡ್ಕೊಳಕ್ಕಾಗಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ. ನಮ್ಮ ಯಜಮಾನರು ಬೈರಣ್ಣ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. "ನೋಡಿದ್ರಾ ಅವಳ ಜಂಬಾನ? ಸೊಂಟ ಬಿದ್ದೋಗೋ ಹಂಗೆ ಉಜ್ಜಿದೀನಿ, ದನದ ಬಾಗ್ಲಂತೆ!" ಅಂದೆ. ನಮ್ಮವರು ಮಾತಿಗೆ ಬಡವರು. ಆಡಿದರೂ ಸಾಮಾನ್ಯವಾಗಿ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಆವತ್ತು ಮಾತ್ರ ನೆಟ್ಟಗೆ ಕೇಳಿದರು.

"ಅಪ್ಪನ ಕಾಲ್ದಾಗೆ ಆ ಬಾಗ್ಲಾಗೆ ಬರಾಕೆ ಯಾರಾನ ನಾಚ್ಕೊಂಡಿದ್ರಾ?"

"ಇಲ್ಲ."

"ಯಾಕೆ?"

ಉತ್ತರವನ್ನೂ ಅವರೇ ಹೇಳಿದರು. "ಎಲ್ರೂ ಅದ್ರಾಗೇ ಬತ್ತಿದ್ರು ಕಣಮ್ಮಿ."

ಸಿಟ್ಟು ಸರ್ರನೆ ಇಳಿಯಿತು. ನಾನು ತೆಗೆಸಿದ್ದು ಬಾಗಿಲನ್ನು ಮಾತ್ರ. ಅದರ ಮರ್ಯಾದೆಯನ್ನೆಲ್ಲ ಮುಂಬಾಗಿಲಿನಲ್ಲೇ ಬಿಟ್ಟಿದ್ದೆ. ಟೀಚರಮ್ಮ ಕೇಳಿದ್ದು ನ್ಯಾಯವಾಗಿಯೇ ಇತ್ತು.

ಬದರಿನಾಥರ ಮನೆಗೆ ಹೋಗಿ, "ಸಾರ್, ಉದ್ಘಾಟನೆ ಕೊಟ್ಟಿಗೆ ಬಾಗ್ಲಾಗೆ ಆಗ್ಲಿ. ಎಲ್ರೂ ಅದ್ರಾಗೇ ಹೋಗಾನ" ಅಂದೆ.

ಕಾಫಿ ಲೋಟ ಅವರ ಕೈಯಲ್ಲೇ ನಿಂತಿತು. "ಮಿನಿಸ್ಟರನ್ನ ಕೊಟ್ಟಿಗೇಲಿ ನುಗ್ಗಿಸೋದಾ? ಏನ್ರೀ ಸೊಣ್ಣಮ್ಮ, ತಮಾಷೆ ಮಾಡ್ತೀರಾ?"

"ನೀವು ಲಾಲ್‌ಬಾಗ್ ಹತ್ರ ಸೈಕಲ್ ಮೇಲಿಂದ ಬಿದ್ದು ಕಾಲು ಮುರ್ಕೊಂಡ್ರಲ್ಲ, ಆವತ್ತು ಯಾವ ಬಾಗ್ಲಾಗೆ ಬಂದ್ರಿ ಸಾರ್?"

ಅವರ ಮುಖ ಕೆಂಪಾಯಿತು. ಜಟಕಾದಲ್ಲಿ ಬಂದಿದ್ದರು. "ಅಮ್ಮಾ" ಅಂತ ಅವರು ಕೂಗಿದ ಕೂಗಿಗೆ ಕೊಟ್ಟಿಗೆಯಲ್ಲಿದ್ದ ಎಮ್ಮೆ ಹಗ್ಗ ಕಿತ್ತುಕೊಂಡಿತ್ತು. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

"ಆವತ್ತಿನ ಮಾತು ಬೇರೆ. ಅದು ಎಮರ್ಜೆನ್ಸಿ" ಅಂದರು. "ಕಮಾನು ಎದ್ದಿದೆ, ಶಾಮಿಯಾನ ಹೇಳಾಗಿದೆ. ಈಗ ಏನೂ ಬದಲಾಯಿಸಕ್ಕಾಗಲ್ಲ."

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಎರಡೂ ಚೆನ್ನಾಗಿ ಬರುತ್ತವೆ. ಆದರೆ ಆವತ್ತು ಎರಡನ್ನೂ ಒಳಗಿಟ್ಟುಕೊಂಡು, "ಆಗ್ಲಿ ಸಾರ್" ಅಂತ ಕೈಮುಗಿದು ಬಂದೆ. ನಮ್ಮವರಿಗೆ ಗಾಡಿ ಕಟ್ಟಲು ಹೇಳಿದೆ. ಇಟ್ಟಮಡುವಿನಿಂದ ಹಿಡಿದು ತಲಘಟ್ಟಪುರದವರೆಗೆ, ಮಾವನ ಕೈಯಲ್ಲಿ ಕಟ್ಟು ಹಾಕಿಸಿಕೊಂಡವರ ಮನೆಮನೆಗೂ ಹೋದೆವು. ಎಲ್ಲ ಕಡೆಯೂ ಒಂದೇ ಮಾತು ಹೇಳಿದೆ. "ಮಾವನ ಮನೆ ತೆಗೀತಿದೀವಿ, ಬರ್ಬೇಕು. ಯಾವ ಬಾಗ್ಲಾಗೆ ಬಂದು ವಾಸಿ ಮಾಡ್ಕೊಂಡು ಹೋದ್ರೋ ಅದ್ರಾಗೇ ಬರ್ಬೇಕು."

ಕೊನೆಗೆ ಜಯದೇವಿಯ ಮನೆಗೆ ಹೋದೆ. "ನೀವು ಬಂದು ಓಣಿ ತಿರುವಿನಾಗಿರೋ ಹೊಂಗೆ ಮರದ ಕೆಳಗೆ ಕುರ್ಚಿ ನಿಲ್ಲಿಸ್ಕೊಂಡು ನೋಡ್ತಿರಿ. ಒಬ್ರಾದ್ರೂ ಮುಂಬಾಗ್ಲಾಗೆ ಹೋದ್ರೆ ತಿರುಗಿಸ್ಕೊಂಡು ಹೊರಟುಬಿಡಿ. ನಾನು ತಡೆಯಾಕಿಲ್ಲ."

"ಮಿನಿಸ್ಟರೂ ಸೇರಿನಾ ಅಕ್ಕ?" ಅಂತ ನಕ್ಕಳು.

"ಮಿನಿಸ್ಟರೂ ಸೇರಿ" ಅಂದೆ. ಅದು ಹೇಗೆ ಅಂತ ನನಗೂ ಗೊತ್ತಿರಲಿಲ್ಲ. ಆದರೆ ಅವಳೆದುರು ಒಂದಿಷ್ಟೂ ಅಳುಕು ತೋರಿಸಲಿಲ್ಲ.

ಉದ್ಘಾಟನೆಯ ದಿನ ಮುಂಬಾಗಿಲಿನ ಮೆಟ್ಟಿಲಿಗೆ ಕೆಂಪು ಬಟ್ಟೆ ಹಾಸಿದ್ದರು, ಕಮಾನಿಗೆ ಮಾವಿನೆಲೆ, ಪಕ್ಕದಲ್ಲಿ ಬ್ಯಾಂಡು. ನಾನು ಕೊಟ್ಟಿಗೆ ಬಾಗಿಲಿಗೆ ಬಾಳೆಕಂಬ ಕಟ್ಟಿ, ಓಣಿಯುದ್ದಕ್ಕೂ ರಂಗೋಲಿ ಬಿಟ್ಟಿದ್ದೆ. ಗಾಡಿಗಳು ಒಂದರ ಹಿಂದೆ ಒಂದು ಬಂದವು, ಕಮಾನನ್ನು ದಾಟಿ ಓಣಿಗೆ ತಿರುಗಿದವು. ನಡೆದು ಬಂದವರೂ ಅಷ್ಟೇ. ವಾಲಂಟಿಯರ್ ಒಬ್ಬ ವಸಂತಪುರದ ಮುನಿವೆಂಕಟಮ್ಮನನ್ನು ಅಡ್ಡಹಾಕಿ, "ಅಜ್ಜಿ, ಮುಂದ್ಗಡೆ ಬಾಗಿಲಿಗೆ ಬನ್ನಿ" ಅಂದ.

"ಮುಂಬಾಗ್ಲಾಗೆ ನಂಗೇನಪ್ಪಾ ಕೆಲ್ಸ? ನಾನೇನ್ ಮದ್ಲಗಿತ್ತೀನಾ?" ಅಂದಳು ಮುದುಕಿ. "ಸೊಂಟ ಮುರ್ಕೊಂಡು ಇಲ್ಲೇ ಬಂದೆ, ಎದ್ದು ನಡ್ಕೊಂಡು ಇಲ್ಲೇ ಹೋದೆ. ಸರ್ಕೋ ಅತ್ಲಾಗೆ." ಅವನು ಸರಿದು ನಿಂತ.

ಓಣಿ ತುಂಬಿತು, ಕೊಟ್ಟಿಗೆ ತುಂಬಿತು. ಶಾಮಿಯಾನದಡಿಯ ಕುರ್ಚಿಗಳು ಬರಿದಾಗಿಯೇ ಉಳಿದವು. ಮಂತ್ರಿಗಳ ಕಾರು ಬಂದಾಗ ಮೆಟ್ಟಿಲ ಕೆಳಗೆ ಹಾರ ಹಿಡಿದು ನಿಂತಿದ್ದವರು ಬದರಿನಾಥ ಮತ್ತು ಸಮಿತಿಯ ನಾಲ್ಕಾರು ಜನ. ಮಂತ್ರಿಗಳು ಸುತ್ತ ನೋಡಿ, "ಜನ ಎಲ್ರೀ?" ಅಂದರು. ಓಣಿಯ ಕಡೆಯಿಂದ ಗದ್ದಲ ಕೇಳಿಸುತ್ತಿತ್ತು.

ಬದರಿನಾಥ ಓಣಿಯ ಕಡೆ ತಿರುಗಿದರು. ಮೂಲೆಯಲ್ಲಿ ನಾನು ನಿಂತಿದ್ದೆ. ಹೊಂಗೆ ಮರದ ಕೆಳಗೆ ಜಯದೇವಿ ಎರಡೂ ಕೈ ಚಕ್ರದ ಮೇಲಿಟ್ಟು, ತಿರುಗಿಸಲು ತಯಾರಾಗಿ ಕೂತಿದ್ದಳು. ಅವರು ಅವಳನ್ನೇ ನೋಡಿದರು. ಅವರು ಕೆಂಪು ಬಟ್ಟೆಯ ಕಡೆ ಕೈ ತೋರಿಸಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಬದರಿನಾಥರ ಕೈ ಹಾರವನ್ನು ಬಿಟ್ಟು ತಮ್ಮ ಬಲಗಾಲನ್ನು ಸವರಿತು.

"ಈ ಕಡೆ ಬನ್ನಿ ಸಾರ್" ಅಂದರು. "ಈ ಮನೆಯ ಬಾಗಿಲು ಇದು. ನಾನೂ ಮೊದಲ್ನೇ ಸಲ ಇದರಲ್ಲೇ ಬಂದೆ. ಕಾಲು ಮುರ್ಕೊಂಡು, ಅಳ್ತಾ ಬಂದೆ."

ಮಂತ್ರಿಗಳು ರಂಗೋಲಿ ತುಳಿಯದ ಹಾಗೆ ಪಂಚೆ ಎತ್ತಿಕೊಂಡು ಓಣಿಗೆ ಇಳಿದರು. ಬ್ಯಾಂಡಿನವರು ಡೋಲು ಹೊತ್ತು ಹಿಂದೆ ಓಡಿದರು. ವಾಲಂಟಿಯರ್ ಒಬ್ಬ ಮೆಟ್ಟಿಲ ಕೆಳಗೆ ಕಟ್ಟಿದ್ದ ರಿಬ್ಬನ್ ಬಿಚ್ಚಿ ತಂದು ಕೊಟ್ಟಿಗೆಯೊಳಗಿನ ಇಳಿಜಾರಿಗೆ ಅಡ್ಡ ಕಟ್ಟಿದ. ಬಾಗಿಲಲ್ಲಿ ಬದರಿನಾಥ ನಿಂತು ಹಿಂದಕ್ಕೆ ತಿರುಗಿ, "ಮೇಡಂ, ನೀವು ಬರೋವರ್ಗೂ ರಿಬ್ಬನ್ ಕತ್ತರಿಸಲ್ಲ" ಅಂದರು. ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಗಳಿಗೆಗೆ ಕರಗಿಹೋಯಿತು.

ಜಯದೇವಿ ಒಂದು ಸಲ ಮುಂಬಾಗಿಲನ್ನು ನೋಡಿದಳು. ಕೆಂಪು ಬಟ್ಟೆಯ ಮೇಲೆ ಒಂದು ಹೆಜ್ಜೆಯೂ ಬಿದ್ದಿರಲಿಲ್ಲ. ಆಮೇಲೆ ಚಕ್ರ ತಳ್ಳಿದಳು.

ರಿಬ್ಬನ್ ಕತ್ತರಿಸಿದ್ದಾಯಿತು. ಜನ ಎರಡೂ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಇಳಿಜಾರಿನ ನಡುವೆ ಚಪ್ಪಡಿಯ ಸಂದಿಯಲ್ಲಿ ಚಕ್ರ ಸಿಕ್ಕಿಕೊಂಡಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಯಜಮಾನರು ನನ್ನ ಮಣಿಕಟ್ಟು ಹಿಡಿದುಕೊಂಡರು. ಅವಳು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಬಿಟ್ಟು, ತುಟಿ ಬಿಗಿಹಿಡಿದು ಮತ್ತೆ ನೂಕಿದಳು. ಚಕ್ರ ಸಂದಿ ದಾಟಿತು.

ಕಲ್ಲಿನ ಹತ್ತಿರ ಬಂದು ನಿಂತಳು. ಬಗ್ಗಿ, ಬೆವೆತ ಎರಡೂ ಅಂಗೈಗಳನ್ನು ಅದರ ಮೇಲಿಟ್ಟಳು. ನನಗಿಷ್ಟು ಧೈರ್ಯ, ಇಷ್ಟು ಬಾಯಿ ಅಂತೆಲ್ಲ ಮೆರೆಯುವ ನಾನು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟೆ. ಅವಳು ಅಳಲಿಲ್ಲ. ಮಾವ ಅಲ್ಲೇ ಕೂತಿದ್ದಾರೆ ಅನ್ನುವ ಹಾಗೆ, ಸಣ್ಣ ದನಿಯಲ್ಲಿ ಹೇಳಿದಳು.

"ತಾತ, ನಾನೇ ಬಂದೆ."