ಗಿರಿಗಿಟ್ಟಲೆ ನಿಂತ ಹನ್ನೊಂದು ಸೆಕೆಂಡು

“ಇವಳಿಗೆ ಕಿವಿಯಿದೆ, ಕೇಳೋ ಬುದ್ಧಿಯಿಲ್ಲ,” ಎಂದ ದರ್ಜಿ. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. “ಮನೇಲಿ ಮಂಕುದಿಣ್ಣೆ ಅಂತಲೇ ಕರೆಯೋದು. ಕತ್ತರಿ ಕೊಡು ಅಂದ್ರೆ ಕಣ್ಣು ಬಿಟ್ಕೊಂಡು ನಿಂತಿರ್ತಾಳೆ. ನಿನ್ನೆ ಕೆನ್ನೆಗೆ ಒಂದು ಬಿಟ್ಟೆ.”

ಎಂಟು ವರ್ಷದ ಮಗಳು ನೆಲ ನೋಡಿದಳು. ನನಗೆ ಮೈ ಉರಿಯಿತು. ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ಬರೆಸುವುದು ಆಸ್ಪತ್ರೆಯಲ್ಲಿ ನನ್ನ ಕೆಲಸ. ಇಂಥ ಅಪ್ಪಂದಿರಿಗೂ ನಾಲ್ಕು ತಂತಿ ಅಂಟಿಸಬೇಕೆಂದು ಎಷ್ಟೋ ಸಲ ಅನ್ನಿಸಿದೆ.

ತಂತಿಗಳೆಲ್ಲ ಕೂತ ಮೇಲೆ ಅವಳ ಕೈಗೆ ಕಾಗದದ ಗಿರಿಗಿಟ್ಟಲೆ ಕೊಟ್ಟೆ. “ಊದು ಪುಟ್ಟಿ, ನಿಲ್ಲಿಸ್ಬೇಡ.” ಜೋರಾಗಿ ಉಸಿರಾಡಿಸಿದರೆ ಮಿದುಳಲ್ಲಿ ಅಡಗಿದ ತೊಂದರೆ ಹೊರಗೆ ಬರುತ್ತದೆ. ಎರಡನೇ ನಿಮಿಷಕ್ಕೆ ಗಿರಿಗಿಟ್ಟಲೆ ನಿಂತಿತು. ಅವಳ ಕಣ್ಣು ತೆರೆದೇ ಇತ್ತು. ಕಂಪ್ಯೂಟರ್ ಪರದೆಯ ಗೆರೆಗಳೆಲ್ಲ ಒಟ್ಟಿಗೆ ಏಳತೊಡಗಿದವು, ಸೆಕೆಂಡಿಗೆ ಮೂರು ಸಲ, ತಾಳ ತಪ್ಪದೆ.

ಇಂಥ ಹೊತ್ತಲ್ಲಿ ಒಂದು ಮಾತು ಹೇಳಿ, ಆಮೇಲೆ ನೆನಪಿದೆಯೇ ಎಂದು ಕೇಳುವುದು ನಮ್ಮ ಪದ್ಧತಿ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಶುರುಮಾಡಿದ್ದ. “ಏಯ್ ಮಂಕುದಿಣ್ಣೆ, ಊದು. ಕೇಳಿಸ್ತಾ?”

ಹನ್ನೊಂದು ಸೆಕೆಂಡಿಗೆ ಗಿರಿಗಿಟ್ಟಲೆ ಮತ್ತೆ ತಿರುಗಿತು. “ಅಪ್ಪ ಈಗ ಏನಂದ್ರು?” ಎಂದು ಕೇಳಿದೆ.

“ಏನೂ ಅನ್ಲಿಲ್ವಲ್ಲ.” ಅವಳು ಅಪ್ಪನ ಮುಖ ನೋಡಿ ಕೆನ್ನೆಗೆ ಕೈ ಅಡ್ಡ ಹಿಡಿದಳು. “ಏನಾದ್ರೂ ಹೇಳಿದ್ಯಾ ಅಪ್ಪಾ?”

ಅವನು ತಣ್ಣಗಾದ. ವರದಿ ಬರೆಯುವವರು ಡಾಕ್ಟರು, ಆದರೆ ನನ್ನ ಬಾಯಿಗೆ ಬೀಗವಿಲ್ಲ. “ಮಿದುಳಿನ ನಡುವೆ ಥಲಾಮಸ್ ಅಂತ ಒಂದು ಜಾಗ ಇದೆ. ಕಂಡಿದ್ದು ಕೇಳಿದ್ದೆಲ್ಲ ಅಲ್ಲಿಂದ ದಾಟ್ಬೇಕು. ನಿದ್ದೇಲಿ ಅಲ್ಲಿನ ನರಕೋಶಗಳು ಸುದ್ದಿ ದಾಟಿಸೋದು ಬಿಟ್ಟು ಒಟ್ಟಿಗೆ ತಾಳ ಹಾಕ್ತವೆ. ಇವಳಿಗೆ ಎಚ್ಚರ ಇದ್ದಾಗ್ಲೇ ಹಂಗೊಂದು ತಾಳ ಶುರುವಾಗುತ್ತೆ. ಇದೂ ಒಂಥರಾ ಫಿಟ್ಸೇ, ಬೇಕಂತ ಮಾಡೋದಲ್ಲ. ಮಾತ್ರೆ ಇದೆ, ಡಾಕ್ಟರು ಹೇಳ್ತಾರೆ.”

ಅವನು ಪರದೆ ನೋಡಿದ. “ದಾರ ಕಳಚಿದ್ರೂ ಮಿಷನ್ ಓಡ್ತಿರುತ್ತೆ, ಹೊಲಿಗೆ ಬಿದ್ದಿರಲ್ಲ,” ಎಂದ. “ಅದಕ್ಕೆ ಬಟ್ಟೇನ ಹೊಡೆಯೋಕಾಗುತ್ತಾ?”

ಇನ್ನೊಮ್ಮೆ ಊದಿಸಿದೆ. ಗಿರಿಗಿಟ್ಟಲೆ ನಿಂತದ್ದೇ ತಡ, ಅವನು ಮಂಚದ ಪಕ್ಕ ಕೂತು, “ತಪ್ಪಾಯ್ತು ಮಗಳೇ,” ಎಂದ. ಜಾಣ, ಕೇಳಿಸದ ಹೊತ್ತು ನೋಡಿ ಹೇಳಿಬಿಟ್ಟ.

“ಅದು ತಲುಪಿಲ್ಲ ಅಣ್ಣಾ,” ಎಂದೆ. ನನ್ನ ಸಿಟ್ಟು ಅಷ್ಟರಲ್ಲಿ ಇಳಿದಿತ್ತು.

ಗಿರಿಗಿಟ್ಟಲೆ ತಿರುಗುವವರೆಗೂ ಅವನು ಕಾದ. ಮಗಳು ಕಣ್ಣು ಪಿಳುಕಿಸಿದಳು.

“ತಪ್ಪಾಯ್ತು ಮಗಳೇ, ಹೊಡೀಬಾರ್ದಿತ್ತು.” ಅವನು ಬಗ್ಗಿ ಅವಳ ಮುಖ ನೋಡಿದ. “ಕೇಳಿಸ್ತಾ?”

“ಕೇಳಿಸ್ತು,” ಎಂದಳು ಅವಳು. “ಇನ್ನೊಂದ್ಸಲ ಹೇಳು.”