ಕೆಂಪು ಮೇಲೆ, ನೀಲಿ ಕೆಳಗೆ

ಎದುರು ಸೀಟಿನ ಹುಡುಗಿಯ ಫೋನಿನ ಬೆನ್ನಿಗೆ ಒಂದು ಪುಟ್ಟ ಗುಂಡು ಸ್ಟಿಕ್ಕರ್ ಅಂಟಿಸಿದೆ, ಅರ್ಧ ಕೆಂಪು ಅರ್ಧ ನೀಲಿ — ಅರೆ, ಇದು ನನ್ನ ಗುಂಡಲ್ಲವೇ, ನನ್ನ ತೊಡೆಯ ಮೇಲಿನ ಚೀಲದಲ್ಲಿ ಮಡಿಸಿಟ್ಟ ಬಾವುಟದ ನಟ್ಟನಡುವೆ ಇರುವುದೂ ಇದೇ, ವಾರವೆಲ್ಲ ಪೀಣ್ಯದ ಆಂಜಿನಪ್ಪನವರ ಶೆಡ್ಡಿನಲ್ಲಿ ಕೂತು ನಾನೇ ಹೊಲಿದದ್ದು, ಕೊರಿಯಾ ದೇಶದ ಬಾವುಟ, ಇದು ಇವಳ ಫೋನಿಗೆ ಹೇಗೆ ಬಂತು, ದಾಸರಹಳ್ಳಿಯಲ್ಲಿ ಹತ್ತಿದ ಹುಡುಗಿ, ಕೈಯಲ್ಲಿ ಇಡ್ಲಿ ಡಬ್ಬಿ, ಇವಳಿಗೂ ಕೊರಿಯಾಕ್ಕೂ ಏನು ನಂಟು, ಕೇಳಲೇಬೇಕು, ಕೇಳದೆ ಇದ್ದರೆ ನಿನಗೆ ಉಂಡದ್ದು ಅರಗೋದಿಲ್ಲ ಅಂತ ನಮ್ಮ ಮನೆಯವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ — ತಡಿ, ತಡಿ. ಅವಳ ಗುಂಡಿನಲ್ಲಿ ಕೆಂಪು ಮೇಲಿದೆ. ಫೋನು ತಲೆಕೆಳಗು ಹಿಡಿದಿದ್ದಾಳೋ ಏನೋ. ಇಲ್ಲ, ಕ್ಯಾಮೆರಾ ಮೇಲ್ಗಡೆಯೇ ಇದೆ. ಚೀಲದ ಜಿಪ್ಪು ಎಳೆದು ಮಡಿಕೆ ಬಿಡಿಸಿ ನೋಡುತ್ತೇನೆ, ನೀಲಿ ಮೇಲೆ, ಕೆಂಪು ಕೆಳಗೆ. ಅಯ್ಯೋ ಶಿವನೇ. ತಂಗಿ, ಇದ್ರಾಗ ಕೆಂಪು ಮ್ಯಾಲಿರಬೇಕೋ ಕೆಳಗಿರಬೇಕೋ? ಅವಳು ಕಿವಿಯಿಂದ ಇಯರ್‌ಫೋನ್ ಕೀಳುತ್ತಾಳೆ, ಏನಾಂಟಿ? ಓ, ಕೊರಿಯಾ ಫ್ಲ್ಯಾಗು! ರೆಡ್ ಮೇಲೆ ಆಂಟಿ, ಬ್ಲೂ ಕೆಳಗೆ, ಅಯ್ಯೋ ನಿಮ್ದು ಉಲ್ಟಾ ಆಗೋಗಿದೆಯಲ್ಲ! ಉಲ್ಟಾ ಅಂತ ಅಷ್ಟು ಜೋರಾಗಿ ಹೇಳಬೇಕೇ, ಮೆಟ್ರೋ ಬೋಗಿಯ ಮಂದಿಯೆಲ್ಲ ನನ್ನ ತೊಡೆಯ ಕಡೆ ನೋಡುತ್ತಿದ್ದಾರೆ.

ಹೇಗಾಯಿತು ಇದು, ಹೇಗಾಯಿತು, ಮೂಲೆಯ ಕಪ್ಪು ಪಟ್ಟಿಗಳನ್ನು ಎಷ್ಟು ಸಲ ತಾಳೆ ನೋಡಿದೆ, ಯಾವ ಮೂಲೆಯಲ್ಲಿ ಇಡೀ ಪಟ್ಟಿ ಯಾವ ಮೂಲೆಯಲ್ಲಿ ತುಂಡು ಪಟ್ಟಿ ಅಂತ, ಅದು ಹೊಸದು, ಗೊತ್ತಿಲ್ಲದ್ದು, ಅದಕ್ಕೇ ಹೆದರಿ ಹೆದರಿ ಹೊಲಿದೆ, ಗುಂಡು ಮಾತ್ರ ಸಲೀಸು ಅನ್ನಿಸಿತ್ತು, ಎರಡು ಬಣ್ಣ, ಒಂದು ಮೇಲೆ ಒಂದು ಕೆಳಗೆ, ಕೈ ತಾನೇ ಎತ್ತಿ ಇಟ್ಟುಬಿಟ್ಟಿತು — ಮೆಟ್ರೋ ಗೊರಗುಂಟೆಪಾಳ್ಯದ ಮೇಲೆ ಹೋಗುತ್ತಿದೆ, ಕೆಳಗೆ ಆಟೋ ಸ್ಟ್ಯಾಂಡಿನ ಕಂಬದಲ್ಲಿ ನಮ್ಮ ಬಾವುಟ, ಅರಿಶಿನ ಮೇಲೆ, ಕುಂಕುಮ ಕೆಳಗೆ — ಓಹೋ! ಸಿಕ್ಕಿತು ನೋಡು ಕಳ್ಳ. ರಾಜ್ಯೋತ್ಸವ ಬಂತೆಂದರೆ ಶೆಡ್ಡಿನ ತುಂಬ ಹಳದಿ ಕೆಂಪು ಬಟ್ಟೆಯ ರಾಶಿ, ಯಾದಗಿರಿಯಿಂದ ಬಂದಾಗಿನಿಂದ ವರ್ಷಾ ವರ್ಷಾ ಅದೇ, ಹಳದಿ ಎತ್ತು ಮೇಲಿಡು, ಕೆಂಪು ಎತ್ತು ಕೆಳಗಿಡು, ಹೊಡಿ ಹೊಲಿಗೆ, ಕಣ್ಣು ಮುಚ್ಚಿದರೂ ಕೈ ಮಾಡುತ್ತದೆ, ಆ ಕೈಗೆ ಕೆಂಪು ಅಂದರೆ ಕೆಳಗೆ, ಕೊರಿಯಾ ಆದರೇನು ಕೊಪ್ಪಳ ಆದರೇನು. ಮೂರ್ಖ ಕೈ. ಇದನ್ನು ಕಾಡುಗೋಡಿಯಲ್ಲಿ ಕೊರಿಯಾದವರ ಪ್ರಾರ್ಥನೆಯ ಹಾಲ್‌ನ ವೇದಿಕೆಗೆ ಕಟ್ಟುತ್ತಾರೆ, ಇವತ್ತೇ, ಇನ್ನು ಸ್ವಲ್ಪ ಹೊತ್ತಿಗೆ, ವಿಡಿಯೋ ತೆಗೆದು ಅವರ ಊರಿಗೆ ಕಳಿಸುತ್ತಾರೆ, ಇದನ್ನು ಮಾಡಿಸಿದ ಕೊರಿಯಾದ ಮಿನ್ ಮೇಡಂ ಕಥೆ ಅಷ್ಟಕ್ಕೇ ಮುಗಿಯಿತು.

ಯಾಕೆಂದರೆ ಆ ಮೇಡಂ ಮೇಲೆ ಅವರ ಮಂದಿಗೆ ಮೊದಲೇ ಅನುಮಾನ. ಹೇಳಿದ್ದು ರಾಜೇಂದ್ರ, ಮೇಡಂ ಕಾರಿನ ಡ್ರೈವರು, ಜಾಲಹಳ್ಳಿಯವನು, ಕೇಳಿದ್ದಕ್ಕೆ ಬೇಸರವಿಲ್ಲದೆ ಉತ್ತರ ಕೊಡುವ ಪುಣ್ಯಾತ್ಮ. ನಾನು ಕೇಳಿದ್ದು ಇಷ್ಟೇ, ಅಲ್ಲೋ ರಾಜೇಂದ್ರ, ದೇವರ ಪ್ರಾರ್ಥನಿಗೆ ಬಾವುಟ ಯಾಕಪ್ಪಾ? ಅಕ್ಕ, ಅಲ್ಲಿ ಸಕ್ಕತ್ ಗಲಾಟೆ ಕಣಕ್ಕಾ, ಅವ್ರ ಅಧ್ಯಕ್ಷ ಒಂದಿನ ಟೀವೀಲಿ ಬಂದು ಇನ್ಮೇಲೆ ಮಿಲಿಟರಿ ರೂಲು ಅಂದ್ಬಿಟ್ಟ, ಪಾರ್ಲಿಮೆಂಟ್‌ನೋರು ಬೇಲಿ ಹಾರಿ ಒಳಗೋಗಿ ಕ್ಯಾನ್ಸಲ್ ಮಾಡಿದ್ರು, ಈಗ ಅವನನ್ನ ಇಳಿಸ್ಬೇಕಾ ಬೇಡ್ವಾ ಅಂತ ಕೋರ್ಟಲ್ಲಿದೆ, ಇಳಿಸ್ಬೇಡಿ ಅಂತ ಒಂದಷ್ಟು ಪಾದ್ರಿಗಳು ಬೀದೀಲಿ ಸ್ಟೇಜ್ ಹಾಕಿ ಪ್ರಾರ್ಥನೆ ಮಾಡ್ತವ್ರೆ, ನಮ್ ಮೇಡಂ ಚರ್ಚಿನೋರು ಆ ಕಡೆ. ಫೋನಿನಲ್ಲಿ ತೋರಿಸಿದ, ರಸ್ತೆ ತುಂಬ ಮುದುಕರು ಮುದುಕಿಯರು, ಚಳಿ ಟೋಪಿ, ಒಂದು ಕೈಯಲ್ಲಿ ಈ ಬಾವುಟ ಇನ್ನೊಂದು ಕೈಯಲ್ಲಿ ಅಮೆರಿಕದ್ದು, ನಡುನಡುವೆ ಇಸ್ರೇಲಿನದೂ. ನನಗೆ ತಲೆ ಕೆಟ್ಟುಹೋಯಿತು, ತಮ್ಮ ದೇಶ ಉಳಿಸಪ್ಪಾ ಅಂತ ದೇವರನ್ನು ಕೇಳುವಾಗ ಬೇರೆ ಮಂದಿಯ ದೇಶದ ಬಾವುಟ ಯಾಕೆ ಹಿಡಿಯಬೇಕು? ಅದಕ್ಕೂ ಕಾರಣವಿದೆಯಂತೆ. ಮೇಡಂ ಅಜ್ಜಿ ಉತ್ತರ ಕೊರಿಯಾ ಕಡೆಯವರಂತೆ, ಅಲ್ಲಿ ಕೆಂಪು ಪಕ್ಷದವರು, ಕಮ್ಯುನಿಸ್ಟರು, ಬಂದು ಚರ್ಚು ಮುಚ್ಚಿಸಿದರಂತೆ, ಯುದ್ಧವಾದಾಗ ಮಗು ಕಟ್ಟಿಕೊಂಡು ಹಿಮದಲ್ಲಿ ನಡೆದು ಸಮುದ್ರದ ದಂಡೆಗೆ ಬಂದರೆ ಅಮೆರಿಕದ ಹಡಗೊಂದು ಹತ್ತಿಸಿಕೊಂಡಿತಂತೆ, ಆ ಮನೆಯಲ್ಲಿ ಅಮೆರಿಕದ ಬಾವುಟ ಅಂದರೆ ಆ ಹಡಗು. ಹಂಗ ಹೇಳು ಮತ್ತ, ಅಂದೆ ನಾನು. ಹಡಗು ಅಂದಮೇಲೆ ತಿಳಿಯಿತು. ಆದರೆ ಇಸ್ರೇಲಿನದು ಯಾಕೆ? ಅದು ಬೈಬಲ್ ದೇಶ ಅಲ್ವಾ ಅಕ್ಕ, ಅದ್ಕೇ ಇರ್ಬೇಕು, ಅಂದ, ಅವನಿಗೂ ಪಕ್ಕಾ ಗೊತ್ತಿದ್ದಂತಿರಲಿಲ್ಲ.

ಮತ್ತ ಮೇಡಂ ಮ್ಯಾಲ ಯಾಕ ಅನುಮಾನ? ಆಗ ಅವನು ದನಿ ಇಳಿಸಿದ. ಮಗಳು ಅಕ್ಕ. ಸೋಯನ್ ಅಂತ, ಅಲ್ಲೇ ಕಾಲೇಜು, ಅವ್ಳು ಆಪೋಸಿಟ್ ಪಾರ್ಟಿ, ಅಧ್ಯಕ್ಷನ್ನ ಇಳಿಸಿ ಅನ್ನೋರ ಜೊತೆ ನಿಂತಿರೋ ಫೋಟೋ ಬಂದ್ಬಿಡ್ತು, ಚರ್ಚಲ್ಲೆಲ್ಲ ಮಗಳು ಕೆಂಪು, ಮಗಳು ಕೆಂಪು ಅಂತ ಗುಸುಗುಸು, ಅಲ್ಲಿ ಕೆಂಪು ಅಂದ್ರೆ ಬೈಗುಳ ಕಣಕ್ಕಾ, ಆವತ್ತಿಂದ ತಾಯಿ ಮಗಳು ಮಾತಿಲ್ಲ, ಅದ್ಕೇ ಮೇಡಮ್ಮು ವೇದಿಕೆ ಬಾವುಟ ನಾನೇ ಮಾಡಿಸ್ತೀನಿ ಅಂತ ಮುಂದೆ ಬಂದಿರೋದು, ತಾನಿನ್ನೂ ಇವ್ರ ಕಡೇನೇ ಅಂತ ತೋರಿಸ್ಕೊಳ್ಳೋಕೆ. ಈಗ ನೋಡು ನಾನು ಮಾಡಿದ ಘನಕಾರ್ಯ, ಇಂಥವರ ಕೈಗೆ ತಲೆಕೆಳಗಾದ ಬಾವುಟ ಕೊಟ್ಟರೆ ತಾಯಿಯೂ ಮಗಳ ಕಡೆ ಹೋದಳು, ಬೇಕಂತಲೇ ಅವಮಾನ ಮಾಡಿದಳು ಅನ್ನುವುದಿಲ್ಲವೇ, ಪೀಣ್ಯದ ಟೈಲರಮ್ಮನ ಕೈಗೆ ಕನ್ನಡ ಬಾವುಟದ ಚಾಳಿ ಅಂದರೆ ಯಾರು ನಂಬುತ್ತಾರೆ. ಬಾವುಟದ ಅಳತೆ ಕೊಡಲು ಶೆಡ್ಡಿಗೆ ಬಂದ ದಿನವೂ ಮೇಡಂ ಅದೇ ವಿಡಿಯೋ ನೋಡುತ್ತ ಕೂತಿದ್ದರು, ಒಂದೇ ರಸ್ತೆ, ಆ ತುದಿಗೆ ಬಾವುಟದವರು, ಈ ತುದಿಗೆ ಅಧ್ಯಕ್ಷನನ್ನು ಇಳಿಸಿ ಅನ್ನುವ ಹುಡುಗಿಯರು, ಕೈಯಲ್ಲಿ ದೀಪದ ಕೋಲು, ನಡುವೆ ಪೊಲೀಸ್ ಬಸ್ಸು, ಮೇಡಂ ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದದ್ದು ಬಾವುಟದವರನ್ನಲ್ಲ, ಹುಡುಗಿಯರ ಮುಖಗಳನ್ನು. ನಾನು ಪಕ್ಕದಲ್ಲೇ ನಿಂತಿದ್ದೆ, ನನಗೆ ಕಾಣಿಸಿತು.

ಕತ್ತರಿ ತಂದಿಲ್ಲ, ಮೆಟ್ರೋದವರು ಬಿಡುವುದಿಲ್ಲ ಅಂತ, ಕತ್ತರಿ ಇಲ್ಲದಿದ್ದರೆ ಏನಾಯಿತು, ತಾಳಿಸರಕ್ಕೆ ಸಿಕ್ಕಿಸಿದ ಪಿನ್ನಿದೆ, ಗುಂಡು ಬೇರೆ ಬಟ್ಟೆ, ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸರಿಹೋಗುತ್ತದೆ, ಹಾಂ, ಶುರು ಮಾಡು ದಾನೇಶ್ವರಿ. ಒಂದು ಹೊಲಿಗೆ, ಇನ್ನೊಂದು. ಗಾಳಿಗೆ ಜಗ್ಗಬಾರದು ಅಂತ ಎಷ್ಟು ಒತ್ತಾಗಿ ಹೊಡೆದಿದ್ದೇನೆ, ಈಗ ನನ್ನ ಜಾಣತನವೇ ನನ್ನ ಉಗುರು ಕೀಳುತ್ತಿದೆ. ದಾರ ಚೀನಾದ್ದು ಬೇಡವೇ ಬೇಡ ಅಂತ ಮೇಡಂ ಕೈಮುಗಿದು ಕೇಳಿದ್ದರು, ಅವರ ಚುನಾವಣೆಯನ್ನು ಚೀನಾದವರು ಕೆಡಿಸಿದರು ಅಂತ ಚರ್ಚಿನವರು ಹೇಳುತ್ತಾರಂತೆ, ಪ್ರೂಫ್ ಎಲ್ಲಿದೆಯೋ ನಂಗ್ ಗೊತ್ತಿಲ್ಲ ಅಂತ ರಾಜೇಂದ್ರ, ಇಲ್ಲ ಮೇಡಂ ಪ್ಯೂರ್ ಇಂಡಿಯಾ ಅಂತ ಆಂಜಿನಪ್ಪನವರು, ದಾರವೇನೋ ಇಂಡಿಯಾದ್ದೇ, ಸೂಜಿ ಎಲ್ಲಿಯದು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ಇಳಿದು ನೇರಳೆ ಲೈನಿಗೆ ಓಡುತ್ತೇನೆ, ಆ ಹುಡುಗಿಯೂ ನನ್ನ ಹಿಂದೆಯೇ, ಕೊಡಿ ಆಂಟಿ ಈ ಕಡೆ ನಾನು ಹಿಡ್ಕೋತೀನಿ, ಪುಣ್ಯ ಬರಲಿ ನಿನಗೆ, ಬಾವುಟದ ಆ ತುದಿ ಅವಳ ಮಡಿಲಲ್ಲಿ ಈ ತುದಿ ನನ್ನ ಮಡಿಲಲ್ಲಿ. ಕೇಳಿಯೇಬಿಟ್ಟೆ, ಅಲ್ಲಿಯ ಹುಡುಗಿಯರು ಕೈಯಾಗ ಹಿಡಿದಿರತಾರಲ್ಲ, ಬಣ್ಣಬಣ್ಣದ ದೀಪದ ಕೋಲು, ಅದೇನು ತಂಗಿ? ಅಯ್ಯೋ ಅದು ಲೈಟ್‌ಸ್ಟಿಕ್ ಆಂಟಿ! ನಾನು ಫ್ಯಾನ್ ಅಲ್ವಾ, ಆ ಕೊರಿಯಾ ಹಾಡೋರ ಶೋಗೆ ತಗೊಂಡ್ ಹೋಗೋದು, ಅದನ್ನೇ ಪ್ರೊಟೆಸ್ಟ್‌ಗೂ ತಂದ್ರು, ಮೇಣದಬತ್ತಿಯಾದ್ರೆ ಗಾಳಿಗೆ ಆರಿಹೋಗುತ್ತೆ, ಇದು ಆರಲ್ಲ, ಸೂಪರ್ ಅಲ್ವಾ? ಸೂಪರೇ. ಅಜ್ಜಿಯ ಕಾಲದವರಿಗೆ ಹಡಗು, ಮಗಳ ಕಾಲದವರಿಗೆ ಆರದ ದೀಪ, ಇಬ್ಬರೂ ದೇಶ ಉಳಿಸುತ್ತೇವೆ ಅಂತಲೇ ನಿಂತಿದ್ದಾರೆ, ನಡುವೆ ಸಿಕ್ಕಿಕೊಂಡದ್ದು ಆ ತಾಯಿ. ನಮ್ಮಲ್ಲೇನು ಕಡಿಮೆಯೇ, ನನ್ನ ತಮ್ಮ ಬಸಲಿಂಗ ಒಂದು ಪಕ್ಷ, ನಮ್ಮ ಮನೆಯವರು ಇನ್ನೊಂದು, ಹೋದ ಚುನಾವಣೆಯಿಂದ ಒಬ್ಬರ ಮನೆ ಮೆಟ್ಟಿಲು ಒಬ್ಬರು ತುಳಿದಿಲ್ಲ, ಇಬ್ಬರ ಹೆಗಲ ಮೇಲಿನ ಶಾಲಿನ ಅಂಚು ಮಡಿಸಿ ಹೊಲಿದವಳು ನಾನು. ಆವಾಗ ನಗು ಬಂದಿತ್ತು, ಈಗ ಬರುತ್ತಿಲ್ಲ. ಹುಡುಗಿ ಹೂಡಿಯಲ್ಲಿ ಇಳಿದುಹೋದಳು, ಆಲ್ ದ ಬೆಸ್ಟ್ ಆಂಟಿ ಅಂದಳು.

ರಾಜೇಂದ್ರ ಸ್ಟೇಷನ್ನಿನ ಕೆಳಗೆ ಕಾಯುತ್ತಿದ್ದ, ಬಾವುಟ ನೋಡಿ ತಲೆ ಮೇಲೆ ಕೈಯಿಟ್ಟ, ಏನಕ್ಕಾ ಇದು, ಸುಮ್ನೆ ಕಟ್ಬಿಡೋಣ, ಯಾರೂ ನೋಡಲ್ಲ ಬಿಡು ಅಂದ, ಹುಚ್ಚಪ್ಪಾ, ತಮ್ಮ ಬಾವುಟ ತಮಗೆ ಕಾಣೂದಿಲ್ಲೇನು, ನಡಿ ಮ್ಯಾಲೆ. ಅಂಗಡಿಗಳ ಮೇಲಿನ ಹಾಲ್, ಪ್ಲಾಸ್ಟಿಕ್ ಕುರ್ಚಿ, ಒಂದು ಪಿಯಾನೋ, ಮೇಡಂ ಒಬ್ಬರೇ ಕುರ್ಚಿ ಒರೆಸುತ್ತಿದ್ದಾರೆ, ದಾನಾ! ಅಂತ ನಕ್ಕರು, ನನ್ನ ಮುಖ ನೋಡಿ ನಗು ನಿಂತಿತು. ಬಾವುಟವನ್ನು ನೆಲದ ಮೇಲೆ ಹರಡಿದೆ. ಮೇಡಂ, ತಪ್ಪಾತ್ರಿ, ನನ್ನ ಕೈಯಿಂದ ಆತು, ಮಿಸ್ಟೇಕ್. ಅವರ ಕಣ್ಣು ಗುಂಡಿನ ಮೇಲೆ, ಆಮೇಲೆ ಬಾಗಿಲ ಕಡೆ, ಆಮೇಲೆ ಮತ್ತೆ ಗುಂಡಿನ ಮೇಲೆ, ವೈ? ಅಂದರು, ಬೈಗುಳವಲ್ಲ, ನಿಜವಾಗಿ ತಿಳಿಯಬೇಕು ಅನ್ನುವ ವೈ. ಹೇಗೆ ಹೇಳಲಿ, ಕಿಟಕಿಯ ಹತ್ತಿರ ಕರೆದುಕೊಂಡು ಹೋದೆ, ಅಲ್ಲೂ ಇತ್ತು ನಮ್ಮ ಬಾವುಟ, ಆಟೋ ಸ್ಟ್ಯಾಂಡಿನ ಕಂಬದಲ್ಲಿ, ನೋಡ್ರಿ ಮೇಡಂ, ನಮ್ದು, ಕೆಂಪು ಯಾವಾಗ್ಲೂ ಕೆಳಗ, ನನ್ನ ಕೈ ಎತ್ತಿ ತೋರಿಸಿದೆ, ಈ ಕೈಗೆ ಅದೇ ಗೊತ್ತು. ರಾಜೇಂದ್ರ ತನ್ನ ಇಂಗ್ಲಿಷಿನಲ್ಲಿ ಏನೇನೋ ಸೇರಿಸಿದ. ಮೇಡಂ ಆ ಬಾವುಟ ನೋಡಿದರು, ಈ ಬಾವುಟ ನೋಡಿದರು, ಬಾಯಿಗೆ ಅಂಗೈ ಅಡ್ಡ ಹಿಡಿದರು, ಅಳುತ್ತಾರೆ ಅಂದುಕೊಂಡೆ, ಹೆಗಲು ಕುಲುಕಿದವು, ನಗು, ತಡೆಯಲಾರದ ನಗು, ನೆಲಕ್ಕೇ ಕೂತುಬಿಟ್ಟರು, ಕಣ್ಣಲ್ಲಿ ನೀರು. ಆಮೇಲೆ ಅರ್ಧ ಬಿಚ್ಚಿ ಜೋತುಬಿದ್ದ ಆ ಗುಂಡಿನ ಫೋಟೋ ತೆಗೆದರು, ಏನೋ ಬರೆದರು, ಅಳಿಸಿದರು, ಮತ್ತೆ ಬರೆದರು, ಬೆರಳು ಫೋನಿನ ಮೇಲೆ ನಿಂತೇ ಇತ್ತು, ಒತ್ತಿದರು. ರಾಜೇಂದ್ರ ನನ್ನ ಕಿವಿಯ ಹತ್ತಿರ ಬಂದ, ಅಕ್ಕ, ಮಗಳಿಗೆ ಕಣಕ್ಕಾ.

ಆಮೇಲೆ ಮೇಡಂ ನನ್ನ ಪಿನ್ನು ಕಸಿದುಕೊಂಡು ಆ ಕಡೆಯಿಂದ ಬಿಚ್ಚಿದರು, ಈ ಕಡೆಯಿಂದ ನಾನು ಉಗುರಿನಲ್ಲಿ, ಗುಂಡು ಕಿತ್ತುಬಂತು, ಒಂದು ಕ್ಷಣ ಅವರ ಅಂಗೈಯಲ್ಲಿ ಅದು ಯಾವ ಕಡೆಯೂ ಅಲ್ಲ, ಹೇಗೆ ತಿರುಗಿಸಿದರೆ ಹಾಗೆ, ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಬಂದರು, ಬೇಗ ದಾನಾ ಬೇಗ, ತಿರುಗಿಸಿ ಇಟ್ಟೆ, ಮಷೀನಿಲ್ಲ, ಹೊತ್ತಿಲ್ಲ, ಚೀಲದ ಸೂಜಿ ದಾರ ತೆಗೆದು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದೆ, ದಾರವನ್ನು ಹಲ್ಲಿನಲ್ಲಿ ಕಡಿದೆ, ರಾಜೇಂದ್ರ ಕುರ್ಚಿ ಹತ್ತಿ ಕಟ್ಟಿದ, ಪಕ್ಕದಲ್ಲಿ ಹಡಗಿನ ಬಾವುಟವನ್ನೂ. ಹಾಲ್ ತುಂಬ ಮಂದಿ ಸೇರಿದರು, ಪಾದ್ರಿ ಮೇಲೆ ನೋಡಿದರು, ಒಳ್ಳೆಯದು ಅನ್ನುವಂತೆ ಮೇಡಂ ಕಡೆ ತಲೆಯಾಡಿಸಿದರು, ನನಗೆ ಹೋದ ಜೀವ ಬಂದಂತಾಯಿತು, ನಾನು ಕೊನೆಯ ಸಾಲಿನಲ್ಲಿ ಮೇಡಂ ಪಕ್ಕದಲ್ಲೇ ಕೂತೆ, ಯಾವಾಗಲೂ ಮುಂದಿನ ಸಾಲಿನಲ್ಲಿ ಕೂರುವವರಂತೆ, ಇವತ್ತು ನನ್ನ ಪಕ್ಕ. ಎಲ್ಲರೂ ಕಣ್ಣು ಮುಚ್ಚಿ ಕೈ ಎತ್ತಿ ಒಟ್ಟಿಗೆ ಕೂಗಿದರು, ಜೂಯೋ, ಕರ್ತನೇ ಅಂತ ಅದರ ಅರ್ಥವಂತೆ, ಜೂಯೋ, ಜೂಯೋ, ಮೂರು ಸಲ, ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮದನ್ನು ಜೋರಾಗಿ, ಒಂದೇ ಸಮನೆ, ಯಾರದು ಯಾರಿಗೂ ಕೇಳದ ಹಾಗೆ, ಇಷ್ಟು ಗದ್ದಲದಲ್ಲಿ ಆ ದೇವರು ಬೇರೆ ಬೇರೆ ಕೇಳಿಸಿಕೊಳ್ಳುವುದು ಹೇಗೆ, ಕೇಳಬೇಕು, ಯಾರನ್ನು ಕೇಳಲಿ, ಕಣ್ಣು ತೆರೆದವಳು ನಾನೊಬ್ಬಳೇ — ಇಲ್ಲ, ಮೇಡಂ ಕಣ್ಣೂ ತೆರೆದಿದೆ. ತುಟಿ ಅಲುಗುತ್ತಿಲ್ಲ. ಮಡಿಲಲ್ಲಿ ಫೋನು ಬೆಳಗಿದೆ, ಅದೇ ಫೋಟೋ, ಕೆಳಗೆ ಕೊಕ್ಕೆಯಂಥ ಒಂದೇ ಅಕ್ಷರ, ಮೂರು ಸಲ. ಏನು ಅಂತ ಹುಬ್ಬು ಹಾರಿಸಿದೆ. ಮೇಡಂ ನನ್ನ ಕಿವಿಗೆ ಬಾಯಿ ತಂದು ಬರೀ ಉಸಿರಿನಲ್ಲಿ ಹೇಳಿದರು, ಕ, ಕ, ಕ — ನಗು, ನಾವು ಹಹಹ ಅಂತ ಬರೆಯುವ ಹಾಗೆ! ಮಗಳು ನಕ್ಕಿದ್ದಾಳೆ, ಅಷ್ಟು ದೂರದಲ್ಲಿ, ಇಷ್ಟು ತಿಂಗಳ ಮೇಲೆ, ನನ್ನ ಕೈ ಮಾಡಿದ ತಪ್ಪಿಗೆ. ಇನ್ನೇನೂ ಬರೆದಿಲ್ಲ, ಮುಂದೆ ಬರೆಯುತ್ತಾಳೋ ಇಲ್ಲವೋ, ಕೋರ್ಟು ಏನು ಹೇಳುತ್ತದೋ, ಮೇಡಂ ಯಾವ ಕಡೆ ಹೋಗುತ್ತಾರೋ, ಫ್ಯಾನಿನ ಗಾಳಿಗೆ ಬಾವುಟ ಉಬ್ಬುತ್ತಿದೆ, ಗುಂಡಿನ ಅಂಚಿನಿಂದ ಒಂದು ಬಿಳಿ ದಾರ ಇಳಿಬಿದ್ದಿದೆ, ಜೂಯೋ ಅಂತ ಮತ್ತೆ ಕೂಗು, ಗುಂಡು ನಡುಗುತ್ತದೆ, ಹಿಡಿದುಕೋ, ಬೀಳಬೇಡ, ಕೆಂಪು ಮೇಲೆ, ನೀಲಿ ಕೆಳಗೆ, ಸುತ್ತಲೂ ನನ್ನ ಕಚ್ಚಾ ಹೊಲಿಗೆ, ಕೆಂಪು ಮೇಲೆ, ನೀಲಿ ಕೆಳಗೆ, ಆ ಒಂದು ದಾರ —