ಮೂಲೆಯ ಕಾಲಾಳು

ಮೂಲೆಯಲ್ಲಿ ಒಂಟಿಯಾಗಿ ನಿಂತಿದ್ದ ಕಾಲಾಳನ್ನು ಕಂಪ್ಯೂಟರಿನ ಮಂತ್ರಿ ಬಂದು ತಿಂದಿತು. ಶಿವಸ್ವಾಮಿಗೆ ನಗು ಬಂತು. ಅದು ಕಾಣಬಾರದೆಂದು ಕೆಮ್ಮಿದ.

"ಏನಾರ ಸಿಕ್ತೇನೋ?" ಬೆನ್ನ ಹಿಂದೆ ನಿಂತಿದ್ದ ರುದ್ರೇಶ ಕೇಳಿದ.

"ನೋಡಾನ ಇರು."

ತೊಂಬತ್ತೆಂಟನೇ ಇಸವಿಯ ಒಂದು ಭಾನುವಾರ. ತಿರುಮಕೂಡಲು ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ರುದ್ರೇಶನ ಟೈಪಿಂಗ್ ಇನ್‌ಸ್ಟಿಟ್ಯೂಟ್. ಕಲಿಯುವವರು ಕಡಿಮೆಯಾಗಿ ಎಂಟು ಮಿಷನ್ನುಗಳಲ್ಲಿ ಆರು ಮುಸುಕು ಹೊದ್ದು ಕೂತಿದ್ದವು. ಇರುವ ಒಂದೇ ಕಂಪ್ಯೂಟರಿನಲ್ಲಿ ಅವನು ಎರಡು ವರ್ಷ ಕೂತು ಚೆಸ್ ಆಡುವ ಪ್ರೋಗ್ರಾಂ ಬರೆದಿದ್ದ. ಬರುವ ತಿಂಗಳು ಮೈಸೂರಿನ ಒಂದು ಕಾಲೇಜಿನಲ್ಲಿ ಅದನ್ನು ತೋರಿಸಬೇಕಿತ್ತು. ಅವರಿಗೆ ಮೆಚ್ಚುಗೆಯಾದರೆ ಲ್ಯಾಬಿನಲ್ಲಿ ಕೆಲಸ. ನಲವತ್ತೆರಡರ ರುದ್ರೇಶನಿಗೆ ಇನ್ನೊಂದು ಅವಕಾಶ ಎಲ್ಲಿಂದ ಬರಬೇಕು?

ಶಿವಸ್ವಾಮಿ ನಂಜನಗೂಡಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಅದಕ್ಕೇ ಅವನನ್ನು ಕರೆದದ್ದು. "ನೀನು ಬಾಯಿಲ್ಲದ ದನದ ಕಾಯಿಲೆ ಹಿಡಿಯೋನು. ಇದಕ್ಕೂ ಬಾಯಿಲ್ಲ. ಕಾಯಿಲೆ ಏನು ಅಂತ ನೀನು ಬರಿ, ಔಷಧಿ ನಾನು ಹಾಕ್ತೀನಿ" ಎಂದು ರುದ್ರೇಶ ಇನ್ನೂರು ಪುಟದ ನೋಟ್‌ಬುಕ್ ಕೈಗೆ ಕೊಟ್ಟಿದ್ದ.

ಕಾಯಿಲೆ ಮೂರನೇ ಭಾನುವಾರವೇ ಸಿಕ್ಕಿತ್ತು. ಎದುರುಬದುರು ಹೊಡೆದಾಟದಲ್ಲಿ ಯಂತ್ರ ಗಟ್ಟಿ. ಆದರೆ ಅದರ ಕಣ್ಣು ನಾಲ್ಕು ನಡೆಯಾಚೆ ಹೋಗುತ್ತಿರಲಿಲ್ಲ, ಪುಕ್ಕಟೆ ಸಿಕ್ಕಿದ್ದನ್ನು ಬಿಡುತ್ತಿರಲಿಲ್ಲ. ನಡುವಿನ ದಾರಿಯನ್ನು ಕಾಲಾಳುಗಳಿಂದ ಮುಚ್ಚಿ, ಮೂಲೆಯಲ್ಲೊಂದು ಕಾಲಾಳನ್ನು ಬಿಟ್ಟರೆ ಸಾಕು, ಮಂತ್ರಿ ಅದರ ಹಿಂದೆ ಹೊರಡುತ್ತಿತ್ತು. ಹುಲ್ಲು ತೋರಿಸಿದರೆ ಗೂಟದವರೆಗೂ ಬರುವ ಹಸುವಿನ ಹಾಗೆ. ಆಮೇಲೆ ಕುದುರೆ, ಆನೆಗಳನ್ನು ನಿಧಾನವಾಗಿ ಒಂಟಿ ರಾಜನ ಸುತ್ತ ತಂದು ನಿಲ್ಲಿಸಿದರೆ ಆಟ ಮುಗಿಯಿತು.

ಶಿವಸ್ವಾಮಿಗೆ ಇದು ಹೊಸದೇನಲ್ಲ. ಹಾಸ್ಟೆಲಿನ ದಿನದಿಂದ ರುದ್ರೇಶನನ್ನು ಅವನು ಸೋಲಿಸುತ್ತಿದ್ದದ್ದು ಇದೇ ಉಪಾಯದಿಂದ. ಯಂತ್ರಕ್ಕೆ ಅದನ್ನು ಬರೆದವನ ಕಾಯಿಲೆಯೇ ಬಂದಿತ್ತು. ಇದರ ರೋಗ ಹೇಳಿದರೆ ರುದ್ರೇಶನಿಗೆ ತನ್ನದೂ ತಿಳಿಯುತ್ತದೆ, ಆಮೇಲೆ ಅವನು ಸೋಲುವುದಿಲ್ಲ. ಲೆಕ್ಕ, ಇಂಗ್ಲಿಷು, ಮಾತು ಎಲ್ಲದರಲ್ಲೂ ರುದ್ರೇಶ ಒಂದು ಕೈ ಮೇಲು. ಶಿವಸ್ವಾಮಿಗೆ ಇದ್ದದ್ದು ಈ ಮಣೆಯೊಂದೇ. ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಹೆಸರಿಡುವುದು ಬೇಡ. ನೋಟ್‌ಬುಕ್ಕಿನಲ್ಲಿ ಅವನು ಕುದುರೆ ಅಂಚಿಗೆ ಹೋಗುತ್ತದೆ, ಆನೆ ತಡವಾಗಿ ಹೊರಡುತ್ತದೆ ಎಂದು ಹನ್ನೊಂದು ಸಣ್ಣ ದೋಷಗಳನ್ನು ದುಂಡಗೆ ಬರೆದು ಕೊಟ್ಟ. ರುದ್ರೇಶ ಹನ್ನೊಂದನ್ನೂ ತಿದ್ದಿ, ಖುಷಿಗೆ ಮಸಾಲೆದೋಸೆ ಕೊಡಿಸಿದ.

ಮನೆಗೆ ಬಂದು ಹೆಂಡತಿ ನಯನಳಿಗೆ ಇದನ್ನು ತಮಾಷೆಯೆಂದೇ ಹೇಳಿದ. ಅವಳು ನಗಲಿಲ್ಲ. "ಅವ್ರು ನಿಮ್ಮನ್ನ ಕೇಳಿದ್ದು ಅದೊಂದೇ ಅಲ್ವಾ?" ಎಂದಳು. ಮುಂದಿನ ಭಾನುವಾರ ಹೇಳಿದರಾಯಿತು ಅಂದುಕೊಂಡ. ಆ ಭಾನುವಾರ ಬಂದು ಹೋಯಿತು, ಅದರಾಚೆಯದೂ.

ಮೈಸೂರಿಗೆ ಹೋಗಿಬಂದ ಮಾರನೆಯ ದಿನ ರುದ್ರೇಶ ನೇರ ಆಸ್ಪತ್ರೆಗೇ ಬಂದ. ಶಿವಸ್ವಾಮಿ ಚಿಕ್ಕಯ್ಯನಛತ್ರದಿಂದ ಯಾರೋ ಹೊಡೆದುಕೊಂಡು ಬಂದಿದ್ದ ಕರುವಿನ ಬಾಯಿ ಬಿಡಿಸಿ ಬಿದಿರಿನ ಗೊಟ್ಟದಲ್ಲಿ ಔಷಧಿ ಹುಯ್ಯುತ್ತಿದ್ದ. ಅದು ಮುಗಿಯುವವರೆಗೂ ರುದ್ರೇಶ ಕಾದ. ಆಮೇಲೆ ಜೇಬಿನಿಂದ ಆಟದ ನಡೆಗಳನ್ನು ಬರೆದುಕೊಂಡಿದ್ದ ಮಡಿಚಿದ ಹಾಳೆ ತೆಗೆದ. ಮೊದಲ ಆಟ ಗೆದ್ದಿತಂತೆ. ಎರಡನೆಯದರಲ್ಲಿ ಒಬ್ಬಳು ವಿದ್ಯಾರ್ಥಿನಿ ಸೋಲಿಸಿದಳಂತೆ, ಆಮೇಲೆ ಅವಳನ್ನು ನೋಡಿ ಉಳಿದವರೂ. ನೋಡಲು ಬಂದಿದ್ದ ಮೇಷ್ಟ್ರುಗಳು ನಡುವೆಯೇ ಟೀಗೆ ಎದ್ದು ಹೋದರಂತೆ.

"ಹದಿನಾರನೇ ನಡೇಲಿ ಮೂಲೆ ಕಾಲಾಳು ತಿಂತು ಕಣೋ. ಸೋತ ಎಲ್ಲಾ ಆಟದಲ್ಲೂ ಅದೇ. ನಿನ್ ಬುಕ್ಕಲ್ಲಿ ಇದು ಇರ್ಲಿಲ್ಲ."

ಕರುವಿನ ಕತ್ತು ಸವರುತ್ತ ಶಿವಸ್ವಾಮಿ, "ನನ್ ಗಮನಕ್ಕೇ ಬರ್ಲಿಲ್ಲ" ಎಂದ.

ರುದ್ರೇಶ ಅವನ ಮುಖವನ್ನು ಒಂದು ಗಳಿಗೆ ನೋಡಿದ. "ಬಸ್ಸಲ್ಲಿ ಕೂತು ನಮ್ ಹಳೇ ಆಟಗಳನ್ನೆಲ್ಲ ನೆನಪು ಮಾಡ್ಕೊಂಡೆ" ಎಂದ. ಹಾಳೆಯನ್ನು ಔಷಧಿ ಬಾಟಲಿಗಳ ಪಕ್ಕ ಇಟ್ಟು ಹೋದ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಶಿವಸ್ವಾಮಿಗೆ ಇವತ್ತಿಗೂ ಅನ್ನಿಸುತ್ತದೆ.

ಆರು ತಿಂಗಳಲ್ಲಿ ಇನ್‌ಸ್ಟಿಟ್ಯೂಟ್ ಮುಚ್ಚಿತು. ರುದ್ರೇಶ ಕೊಳ್ಳೇಗಾಲದಲ್ಲಿ ಭಾವಮೈದುನನ ಸಿಮೆಂಟ್ ಅಂಗಡಿ ಸೇರಿದ. ಹೋಗುವ ಮುಂಚೆ ಕಂಪ್ಯೂಟರನ್ನು ಆಟೋದಲ್ಲಿ ಹಾಕಿ ಕಳಿಸಿದ್ದ, ನಿನ್ನ ಹತ್ತಿರವೇ ಇರಲಿ ಅಂತ. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಮಾತಾಡಿಸುತ್ತಾನೆ. ಆಟಕ್ಕೆ ಕರೆದರೆ ಮಾತ್ರ, "ಬುಟ್ಬುಟ್ಟೆ ಕಣೋ" ಅನ್ನುತ್ತಾನೆ.

ಈಗ ಎರಡು ಸಾವಿರದ ಐದು. ಭಾನುವಾರ ಊಟವಾದ ಮೇಲೆ ಶಿವಸ್ವಾಮಿ ಆ ಕಂಪ್ಯೂಟರಿನ ಮುಂದೆ ಕೂರುತ್ತಾನೆ. ಅದರ ಪರದೆ ಅರ್ಧ ಹಳದಿಗಟ್ಟಿದೆ. ಇವತ್ತೂ ನಡುವಿನ ದಾರಿ ಮುಚ್ಚಿದ, ಮೂಲೆಯ ಕಾಲಾಳನ್ನು ಬಿಟ್ಟ.

"ಬೇಡ ಕಣೋ, ತಿನ್ಬೇಡ" ಎಂದ, ಗಟ್ಟಿಯಾಗಿಯೇ.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಯಂತ್ರ ಸ್ವಲ್ಪ ಹೊತ್ತು ಗೊರಗುಟ್ಟಿತು. ಆಮೇಲೆ ಮಂತ್ರಿ ಇಡೀ ಮಣೆ ದಾಟಿ ಬಂದು ಕಾಲಾಳಿನ ಜಾಗದಲ್ಲಿ ನಿಂತಿತು. ಶಿವಸ್ವಾಮಿ ಮುಂದಿನ ನಡೆ ಆಡದೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ.